ಬೀರುವಿನಲ್ಲಿರುವ ಪಿಸ್ತೂಲಿಗೆ ಯಾರ ಹೆಸರಿನ ಪರವಾನಗಿ?

ಮನೆಯ ರಕ್ಷಣೆಗೆ ಪಿಸ್ತೂಲು ಬೇಕೆಂದು ಬರುವವರಲ್ಲಿ ಎಷ್ಟೋ ಜನ ಮೊದಲು ನನ್ನ ಮೇಜಿನ ಮೇಲೆ ಇಡುವುದು ಮೊಬೈಲು. ಅದರಲ್ಲಿ ಗ್ಲಾಕ್ 19ರ ವಿಡಿಯೊ ಓಡುತ್ತಿರುತ್ತದೆ. ಚಿಕ್ಕದು, ಹಗುರ, ಮ್ಯಾಗಜಿನ್‌ನಲ್ಲಿ 15 ಗುಂಡು, ಅಮೆರಿಕದ ಪೊಲೀಸರು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು. ಅದೆಲ್ಲ ನಿಜ. ಆದರೆ ಅದು 9 ಎಂಎಂ. ನಮ್ಮ ದೇಶದ 2016ರ ಆಯುಧ ನಿಯಮಗಳ ಪ್ರಕಾರ ಅದು ನಿಷೇಧಿತ ಬೋರು. ಅದಕ್ಕೆ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಿಲ್ಲ, ಕೇಂದ್ರ ಗೃಹ ಸಚಿವಾಲಯಕ್ಕಿದೆ. ಪರವಾನಗಿಯಿಲ್ಲದೆ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸ. ‘ಅಮೆರಿಕದಲ್ಲಿರುವ ಮಗ ಬರುವಾಗ ತರುತ್ತಾನೆ’ ಎಂಬ ಯೋಚನೆಯನ್ನು ಇಲ್ಲಿಗೇ ಬಿಡಿ.

ನಮಗೆ, ಅಂದರೆ ಸಾಮಾನ್ಯ ನಾಗರಿಕರಿಗೆ, ಸಿಗುವುದು ಹೆಚ್ಚಾಗಿ .32 ಬೋರಿನ ಕೈಬಂದೂಕು. ಸರ್ಕಾರಿ ಕಾರ್ಖಾನೆಯ ‘ಅಶನಿ’ ಪಿಸ್ತೂಲು ಇದೆ, ಕಾನ್ಪುರದ ‘ನಿರ್ಭೀಕ್’ ರಿವಾಲ್ವರ್ ಇದೆ. ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಮಾತು ಇಷ್ಟೇ: ಅಭ್ಯಾಸವಿಲ್ಲದ ಕೈಗೆ ಪಿಸ್ತೂಲಿಗಿಂತ ರಿವಾಲ್ವರ್ ವಾಸಿ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ಮ್ಯಾಗಜಿನ್ ತೆಗೆದರೂ ನಳಿಗೆಯ ಹಿಂಬದಿಯಲ್ಲಿ ಒಂದು ಗುಂಡು ಉಳಿದಿರಬಹುದು. ಸ್ಲೈಡ್ ಎಳೆದು ನೋಡದೆ ‘ಖಾಲಿ’ ಅನ್ನುವವರ ಮನೆಯಲ್ಲಿ ಮಕ್ಕಳಿದ್ದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನು ಅರ್ಜಿಯ ದಾರಿ. ನಮೂನೆ ಎ-1ರಲ್ಲಿ ಅರ್ಜಿ. ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿಗೆ, ಬೆಂಗಳೂರಿನಂಥ ಕಮಿಷನರೇಟ್ ನಗರದಲ್ಲಿ ಪೊಲೀಸ್ ಆಯುಕ್ತರಿಗೆ. 21 ವರ್ಷ ತುಂಬಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕು ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳ ಬಗ್ಗೆ ವಿಚಾರಿಸಿ. ಜೀವಭಯವಿದೆ ಎಂದು ಬರೆದರೆ ಸಾಲದು. ಹಿಂದೆ ಕೊಟ್ಟ ದೂರು, ಎಫ್‌ಐಆರ್, ಬಂದ ಬೆದರಿಕೆ ಪತ್ರ ಏನಿದ್ದರೂ ಲಗತ್ತಿಸಿ. ಪರವಾನಗಿ ಮೂಲಭೂತ ಹಕ್ಕಲ್ಲ, ಕಾರಣ ತೋರಿಸಿ ಪಡೆಯಬೇಕಾದದ್ದು.

ಪೊಲೀಸ್ ವರದಿ 30 ದಿನದಲ್ಲಿ ಬರಬೇಕು ಎನ್ನುತ್ತದೆ ನಿಯಮ. ಬರುವುದಿಲ್ಲ. ಠಾಣೆಯಲ್ಲಿ ಕಡತ ತಿಂಗಳುಗಟ್ಟಲೆ ಮಲಗಿರುತ್ತದೆ, ‘ಮೇಲಿಂದ ಬರಬೇಕು’ ಎಂದು ನಿಮ್ಮನ್ನು ಅಲೆಸುತ್ತಾರೆ. ವರದಿ ನಿಗದಿತ ಅವಧಿಯಲ್ಲಿ ಬಾರದಿದ್ದರೆ ಅದಕ್ಕೆ ಕಾಯದೆ ತೀರ್ಮಾನಿಸಬಹುದು ಎಂದು ಆಯುಧ ಕಾಯ್ದೆಯ 13ನೇ ಕಲಮಿನಲ್ಲೇ ಇದೆ. ಆ ಕಲಮು ಹೆಸರಿಸಿ ಪತ್ರ ಬರೆಯಿರಿ, ಸ್ವೀಕೃತಿ ಪಡೆಯಿರಿ. ‘ತೀರ್ಮಾನಿಸಬಹುದು’ ಎಂದಿದೆಯೇ ಹೊರತು ‘ತೀರ್ಮಾನಿಸಲೇಬೇಕು’ ಎಂದಿಲ್ಲ, ಅದೂ ನೆನಪಿರಲಿ.

ಈ ಅಲೆದಾಟದ ನಡುವೆಯೇ ದಲ್ಲಾಳಿ ಬರುತ್ತಾನೆ. ಬೇರೆ ರಾಜ್ಯದಿಂದ ಇಡೀ ಭಾರತಕ್ಕೆ ನಡೆಯುವ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಹೀಗೆ ಹೊರಗಿನವರಿಗೆ ಹಂಚಿದ ಪರವಾನಗಿಗಳ ಮೇಲೆ ಸಿಬಿಐ ತನಿಖೆಯೇ ನಡೆದಿದೆ. ನೀವು ವಾಸವಿಲ್ಲದ ಊರಿನ ವಿಳಾಸ ಕೊಟ್ಟು ಪಡೆದ ಪರವಾನಗಿ ಒಂದು ದಿನ ರದ್ದಾಗುತ್ತದೆ. ಆ ದಿನ ದಲ್ಲಾಳಿ ಫೋನ್ ಎತ್ತುವುದಿಲ್ಲ, ಆರೋಪಿ ನೀವೇ. ಕಚೇರಿಯ ಬಾಗಿಲಲ್ಲೇ ನಿಂತು ದಂಧೆ ಮಾಡುವ ಇವರು ಒಳಗಿನವರ ಕಣ್ಣಿಗೆ ಬೀಳುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಆದರೆ ನನ್ನ ಕಕ್ಷಿದಾರರನ್ನು ಹೆಚ್ಚು ಹಾಳುಮಾಡಿದ್ದು ಇದಾವುದೂ ಅಲ್ಲ. ಅಪ್ಪ ತೀರಿಕೊಂಡಿರುತ್ತಾರೆ. ಪಿಸ್ತೂಲು ಬೀರುವಿನಲ್ಲಿರುತ್ತದೆ. ‘ಲೈಸೆನ್ಸ್ ಇದೆಯಲ್ಲ’ ಎಂದು ಮನೆಯವರು ಸುಮ್ಮನಿರುತ್ತಾರೆ. ಪರವಾನಗಿ ಪಿಸ್ತೂಲಿಗೆ ಅಲ್ಲ, ವ್ಯಕ್ತಿಗೆ. ಆ ವ್ಯಕ್ತಿ ಹೋದ ಮೇಲೆ ಅದೇ ಪಿಸ್ತೂಲು ಅಕ್ರಮ ಆಯುಧ. ಆಸ್ತಿ ಭಾಗದ ಜಗಳದಲ್ಲಿ ತಮ್ಮನೋ ಭಾವಮೈದುನನೋ ಠಾಣೆಗೆ ಒಂದು ಮಾತು ಹೇಳಿದರೆ ಮುಗಿಯಿತು: 25ನೇ ಕಲಮಿನಡಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಅಪ್ಪನ ನೆನಪಿಗೆ ಇಟ್ಟುಕೊಂಡಿದ್ದೆ ಎಂದು ಕಟಕಟೆಯಲ್ಲಿ ಅತ್ತವರನ್ನು ನೋಡಿದ್ದೇನೆ.

21ನೇ ಕಲಮು ಹೇಳುವುದು ಸ್ಪಷ್ಟ: ಅನಗತ್ಯ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಅವಧಿ ಮುಗಿದ ಪರವಾನಗಿಗೂ ಇದೇ ನಿಯಮ. ಠಾಣೆಯೆಂದರೆ ಭಯವಿದ್ದರೆ ವ್ಯಾಪಾರಿಯ ಬಳಿ ಹೋಗಿ. ಶುಲ್ಕ ಕೇಳಬಹುದು, ಕೊಡಿ. ಆದರೆ ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಡಿ, ದಾರಿಯಲ್ಲಿ ಸಿಕ್ಕಿಬಿದ್ದರೆ ಯಾರೂ ನಿಮ್ಮ ಮಾತು ನಂಬುವುದಿಲ್ಲ. ಮೊದಲು ಮರಣ ಪ್ರಮಾಣಪತ್ರದ ಪ್ರತಿ ಇಟ್ಟು ಠಾಣೆಗೆ ಪತ್ರ ಕೊಡಿ, ಮೊಹರು ಹಾಕಿದ ಸ್ವೀಕೃತಿ ಜೇಬಿನಲ್ಲಿರಲಿ. ಗುಂಡುಗಳನ್ನೂ ಒಪ್ಪಿಸಿ; ಪಿಸ್ತೂಲು ಕೊಟ್ಟು ಡಬ್ಬಿಯಲ್ಲಿ ಗುಂಡು ಉಳಿಸಿಕೊಂಡರೂ ಅಪರಾಧವೇ. ರಸೀದಿಯಲ್ಲಿ ಪಿಸ್ತೂಲಿನ ಮೇಲಿರುವ ಸಂಖ್ಯೆ, ಬೋರು, ಗುಂಡುಗಳ ಎಣಿಕೆ ಇರಬೇಕು. ‘ನಾಳೆ ಬನ್ನಿ, ರೈಟರ್ ಇಲ್ಲ’ ಅನ್ನುತ್ತಾರೆ. ರಸೀದಿ ಇಲ್ಲದೆ ಒಪ್ಪಿಸಬೇಡಿ. ಅದೇ ದಿನ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ವಿಷಯ ತಿಳಿಸಿ.

ಠೇವಣಿ ಇಟ್ಟರೆ ಪಿಸ್ತೂಲು ಕೈಬಿಟ್ಟಂತೆ ಎಂಬುದು ತಪ್ಪು ತಿಳಿವಳಿಕೆ. ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆಯೊಂದಿಗೆ, ತಮ್ಮ ಹೆಸರಿಗೆ ಪರವಾನಗಿ ಪಡೆದು ಬಿಡಿಸಿಕೊಳ್ಳಬಹುದು, ಅರ್ಹರಿಗೆ ಮಾರಲೂಬಹುದು. ಆದರೆ ಇಟ್ಟು ಮರೆತರೆ ಸರ್ಕಾರಕ್ಕೆ ಮುಟ್ಟುಗೋಲು. ಅದಕ್ಕೂ ಮುನ್ನ ನೋಟಿಸ್ ಬರುತ್ತದೆ, ಹಾಗಾಗಿ ಮನೆ ಬದಲಿಸಿದರೆ ವಿಳಾಸ ತಿಳಿಸಿ. ಅಪ್ಪನಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು ನಿಯಮ 25ರಲ್ಲಿ ಅವಕಾಶವಿದೆ. ಇದನ್ನು ಯಾವ ಕಚೇರಿಯವರೂ ತಾವಾಗಿ ಹೇಳುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ 2029ರವರೆಗೆ ವಿನಾಯಿತಿ ಇದೆ. ಕೊಡಗಿನಲ್ಲಿ ನೆಲೆಸಿದ ಮಾತ್ರಕ್ಕೆ ಉಳಿದವರಿಗೆ ಅದು ಸಿಗದು.

ಕಾವಲು ಕೆಲಸದವರಿಗೂ ಇದೇ ಅಪಾಯ. ಮಾಲೀಕರ ಹೆಸರಿನ ಪಿಸ್ತೂಲನ್ನು ‘ಇವತ್ತು ನೀನು ಹಿಡಿದುಕೋ’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ನಿಮ್ಮ ಹೆಸರು ಆ ಪರವಾನಗಿಯಲ್ಲಿ ಇಲ್ಲದಿದ್ದರೆ ಮಾಲೀಕರ ಬಾಯಿಮಾತಿಗೆ ಬೆಲೆಯಿಲ್ಲ. ಪರವಾನಗಿದಾರನ ಎದುರಿನಲ್ಲಿ, ಅಥವಾ ದುರಸ್ತಿ, ನವೀಕರಣಕ್ಕೆಂದು ಆತ ಬರೆದುಕೊಟ್ಟ ಅನುಮತಿಯೊಂದಿಗೆ ಒಯ್ಯಬಹುದು ಎಂಬ ಸಣ್ಣ ವಿನಾಯಿತಿ ಇದೆ. ಅದನ್ನು ಹಿಗ್ಗಿಸಿಕೊಂಡು ರಾತ್ರಿ ಪಾಳಿ ಮಾಡುವಂತಿಲ್ಲ.

ಪರವಾನಗಿಯ ಅವಧಿ ಈಗ 5 ವರ್ಷ. ಮುಗಿಯುವ ಎರಡು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ. ಹಳೆಯ ಪರವಾನಗಿ ಪುಸ್ತಕದಲ್ಲಿ ಯುಐಎನ್, ಅಂದರೆ ವಿಶಿಷ್ಟ ಗುರುತಿನ ಸಂಖ್ಯೆ, ಇಲ್ಲದಿದ್ದರೆ ಅದು ಊರ್ಜಿತವಲ್ಲ.

ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದರೆ ನಿಮಗೆ ಕೊಡಬೇಕು. ಸಾರ್ವಜನಿಕ ಹಿತದ ಹೆಸರಿನಲ್ಲಿ ಮಾತ್ರ ತಡೆಹಿಡಿಯಬಹುದು. ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. 18ನೇ ಕಲಮಿನಡಿ ಮೇಲ್ಮನವಿಗೆ 30 ದಿನ. ಆದೇಶದ ಪ್ರತಿಯನ್ನು ಗುಮಾಸ್ತ ಸತಾಯಿಸಿ ತಡವಾಗಿ ಕೊಟ್ಟರೆ, ಕೊಟ್ಟ ದಿನಾಂಕವನ್ನು ಅವನ ಕೈಯಲ್ಲೇ ಅದರ ಮೇಲೆ ಬರೆಸಿಕೊಳ್ಳಿ.