ಪ್ಯಾಟ್ ಸಮಿಟ್ (1952–2016): ಮಹಿಳಾ ಕಾಲೇಜು ಬಾಸ್ಕೆಟ್‌ಬಾಲ್‌ನ ಮೇರು ತರಬೇತುದಾರರು

• ಜನನ: 14 ಜೂನ್ 1952, ಕ್ಲಾರ್ಕ್ಸ್‌ವಿಲ್, ಟೆನೆಸ್ಸಿ ರಾಜ್ಯ, ಅಮೆರಿಕ.
• ಹುದ್ದೆ: ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ತರಬೇತುದಾರರು (1974–2012). 22ನೇ ವಯಸ್ಸಿನಲ್ಲೇ ಹೊಣೆ ಹೊತ್ತು, 38 ಋತುಗಳ ಕಾಲ ಒಂದೇ ತಂಡವನ್ನು ಮುನ್ನಡೆಸಿದರು.
• ದಾಖಲೆ: 1,098 ಗೆಲುವು, 208 ಸೋಲು.
• ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಪ್ರಶಸ್ತಿಗಳು: 8 (1987, 1989, 1991, 1996, 1997, 1998, 2007, 2008).
• ಒಲಿಂಪಿಕ್ಸ್: 1976ರ ಮಾಂಟ್ರಿಯಲ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ, 1984ರ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ತಂಡದ ಕೋಚ್ ಆಗಿ ಚಿನ್ನ.
• ಗೌರವ: ನೈಸ್ಮಿತ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ (2000), ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ (2012).
• ಕೊನೆಯ ಋತು: ತಮಗೆ ಅಲ್ಜೈಮರ್ ಕಾಯಿಲೆ ಇರುವುದನ್ನು 2011ರಲ್ಲಿ ಬಹಿರಂಗಪಡಿಸಿ, ಆ ನಂತರವೂ ಒಂದು ಋತು ತಂಡದ ಜೊತೆಗಿದ್ದರು.
• ನೆನಪಿಡಿ: ಟೆನೆಸ್ಸಿಯಲ್ಲಿ ಪೂರ್ಣಾವಧಿ ಆಡಿದ ಅವರ ಆಟಗಾರ್ತಿಯರೆಲ್ಲರೂ ಪದವಿ ಪಡೆದರು. ಪ್ರಶಸ್ತಿಗಳಷ್ಟೇ ದೊಡ್ಡ ಸಾಧನೆ ಇದು.