ಗಾಡಿ ಹತ್ತುವ ಮೊದಲು ಗಾಲಿ ನೋಡೋಣ



2022ರ ನವೆಂಬರ್ 4, ಶುಕ್ರವಾರ ರಾತ್ರಿ ನಮ್ಮ ಚಿಟಗುಪ್ಪ ತಾಲೂಕಿನಲ್ಲಿ ನಡೆದದ್ದು ನಿಮಗೆಲ್ಲ ನೆನಪಿದೆ. ಕೂಲಿ ಮುಗಿಸಿ ಆಟೋದಲ್ಲಿ ಊರಿಗೆ ಮರಳುತ್ತಿದ್ದ ಹೆಣ್ಣುಮಕ್ಕಳಿಗೆ ಬೇಮಳಖೇಡದ ಸರ್ಕಾರಿ ಶಾಲೆಯ ಹತ್ತಿರ ಲಾರಿ ಡಿಕ್ಕಿಯಾಯಿತು. ಏಳು ಮಂದಿ ಹೆಣ್ಣುಮಕ್ಕಳು ತೀರಿಹೋದರು, ಹನ್ನೊಂದು ಮಂದಿ ಗಾಯಗೊಂಡರು. ಆ ಅಪಘಾತಕ್ಕೆ ಗಾಲಿ ಕಾರಣ ಅಂತ ನಾವು ಹೇಳುತ್ತಿಲ್ಲ. ಆದರೆ ತೊಗರಿ ಕೊಯ್ಲು, ಸೋಯಾ ರಾಶಿ ಬಂತೆಂದರೆ ಕೊಡಂಬಲದ ಸುತ್ತಮುತ್ತ ನಾವು ಹತ್ತುವುದೂ ಇಂಥ ಗಾಡಿಗಳನ್ನೇ. ಯಾರ ಹೊಲ, ಕೂಲಿ ಎಷ್ಟು, ಎಷ್ಟಕ್ಕೆ ಹೋಗೋದು ಅಂತ ಕೇಳ್ತೀವಿ. ಗಾಡಿ ಹೆಂಗ ಅದ ಅಂತ ಯಾರೂ ಕೇಳೋದಿಲ್ಲ. ಅದನ್ನು ಕೇಳುವುದು ಹೇಗೆ ಎನ್ನುವುದೇ ಈ ತಿಂಗಳ ಪಾಠ.

ಮೊದಲು ಟೈರ್. ಕೆಲವು ಟೈರುಗಳಿಗೆ ದಿಕ್ಕು ಇರುತ್ತದೆ. ಅಂದರೆ ಅವು ಒಂದೇ ಕಡೆಗೆ ತಿರುಗಬೇಕೆಂದು ಮಾಡಿದವು. ಟೈರಿನ ಪಕ್ಕದ ಗೋಡೆಯ ಮೇಲೆ ಒಂದು ಬಾಣದ ಗುರುತು ಅಚ್ಚೊತ್ತಿರುತ್ತದೆ. ಗಾಡಿ ಮುಂದೆ ಹೋಗುವಾಗ ಗಾಲಿ ಆ ಬಾಣ ತೋರಿಸಿದ ಕಡೆಗೇ ತಿರುಗಬೇಕು. ಎಲ್ಲ ಟೈರಿಗೂ ಬಾಣ ಇರುವುದಿಲ್ಲ. ಇಲ್ಲದಿದ್ದರೆ ಚಿಂತೆ ಬೇಡ, ಯಾವ ಕಡೆ ಹಾಕಿದರೂ ನಡೆಯುತ್ತದೆ. ನಮ್ಮ ಮನೆಗಳ ಮೋಟರ್ ಸೈಕಲ್ ಟೈರಿಗೆ ಹೆಚ್ಚಾಗಿ ಬಾಣ ಇರುತ್ತದೆ, ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರಿಗಂತೂ ದಿಕ್ಕು ಇದ್ದೇ ಇರುತ್ತದೆ.

ಟ್ರ್ಯಾಕ್ಟರಿನದು ತಿಳಿಯುವುದು ಬಹಳ ಸುಲಭ. ಹಿಂದೆ ನಿಂತು ನೋಡ್ರಿ. ದೊಡ್ಡ ಹಲ್ಲುಗಳು ಗುಡಿಸಲಿನ ಮಾಡಿನ ಹಾಗೆ, ತುದಿ ಮೇಲಕ್ಕೆ ಮಾಡಿಕೊಂಡು ಕಾಣಬೇಕು. ಹಾಗಿದ್ದರೆ ಓಡುವಾಗ ತುದಿ ಮೊದಲು ನೆಲಕ್ಕೆ ಊರುತ್ತದೆ, ಎರೆ ಮಣ್ಣಿನ ಕೆಸರು ಎರಡೂ ಬದಿಗೆ ಸರಿದು ಹೊರಬೀಳುತ್ತದೆ, ಹಲ್ಲು ಚೊಕ್ಕ ಆಗಿ ನೆಲ ಹಿಡಿಯುತ್ತದೆ. ತಿರುಗುಮುರುಗಾಗಿ ಹಾಕಿದ್ದರೆ ಕೆಸರು ನಡುವೆ ಸೇರಿ ಮೆತ್ತಿಕೊಳ್ಳುತ್ತದೆ. ಗಾಲಿ ನಿಂತಲ್ಲೇ ತಿರುಗಿ ತಗ್ಗು ತೋಡುತ್ತದೆ. ಹಿಂದೆ ಟ್ರೇಲರಿನಲ್ಲಿ ಇಪ್ಪತ್ತು ಮಂದಿ ಕೂತಿದ್ದಾಗ ಏರಿನಲ್ಲಿ ಹೀಗಾದರೆ ಏನು ಗತಿ, ನೀವೇ ಯೋಚಿಸಿ. (ಟ್ರೇಲರಿನಲ್ಲಿ ಮಂದಿ ಕೂರುವುದೇ ಕಾನೂನಿಗೆ ವಿರುದ್ಧ. ಆದರೂ ಕೂರುತ್ತೇವೆ.) ಮೋಟರ್ ಸೈಕಲ್ಲಿಗೂ ಇದೇ ಲೆಕ್ಕ. ಮಳೆಯಲ್ಲಿ ಟೈರಿನ ಗೀರುಗಳು ನೀರನ್ನು ಹೊರಗೆ ತಳ್ಳುವ ಬದಲು ಒಳಗೆ ಎಳೆದರೆ ಬ್ರೇಕ್ ಹಿಡಿದಾಗ ಜಾರುತ್ತದೆ.

ತಪ್ಪು ಆಗುವುದು ಪಂಕ್ಚರ್ ಅಂಗಡಿಯಲ್ಲಿ, ಅವಸರದಲ್ಲಿ. ಟೈರನ್ನು ರಿಮ್ಮಿನಿಂದ ಬಿಚ್ಚಿ ಮತ್ತೆ ಹಾಕುವಾಗ ಮಗ್ಗಲು ಬದಲಾಗುತ್ತದೆ. ಎಡಗಡೆ ಗಾಲಿಯನ್ನು, ಹೊರಮುಖ ಹೊರಗೇ ಇಟ್ಟು ಬಲಗಡೆಗೆ ಹಾಕಿದರೂ ಬಾಣ ಹಿಂದಕ್ಕೆ ತಿರುಗುತ್ತದೆ. "ಅಣ್ಣಾ, ಬಾಣ ನೋಡಿ ಹಾಕು" ಅಂತ ಒಂದು ಮಾತು ಹೇಳಲು ನಮಗೆ ನಾಚಿಕೆ ಯಾಕೆ?

ಸವೆತಕ್ಕೂ ಗುರುತು ಇದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಟೈರ್ ಸವೆದು ಆ ದಿಬ್ಬಕ್ಕೆ ಸಮ ಬಂದರೆ ಅದರ ಆಯುಷ್ಯ ಮುಗಿಯಿತು. ನಿಯಮದ ಪ್ರಕಾರ ಗೀರಿನ ಆಳ ಎರಡು ಮತ್ತು ಮೂರು ಗಾಲಿಯ ಗಾಡಿಗೆ 0.8 ಮಿಲಿಮೀಟರ್, ಉಳಿದವಕ್ಕೆ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಟೈರಿನ ಮೇಲಿನ ಅಂಕಿಗಳ ಕೊನೆಗೆ 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಹೊಸದು ಅಂತ ಹೇಳಿ ಹಳೇದು ಮಾರುವವರಿದ್ದಾರೆ, ಎಚ್ಚರ.

ಇನ್ನು ಎಫ್.ಸಿ., ಅಂದರೆ ಗಾಡಿಯ ಅರ್ಹತಾ ಪತ್ರ. ಬಾಡಿಗೆಗೆ ಓಡುವ ಆಟೋ, ಜೀಪು, ಟೆಂಪೋ, ಲಾರಿ ಎಲ್ಲಕ್ಕೂ 1988ರ ಮೋಟಾರು ವಾಹನ ಕಾಯಿದೆಯ 56ನೇ ಕಲಮಿನಂತೆ ಇದು ಬೇಕೇಬೇಕು. ಬ್ರೇಕು, ಸ್ಟೇರಿಂಗು, ದೀಪ, ಹಾರನ್ನು, ಟೈರು, ಹಿಂದೆ ಹೊಳೆಯುವ ಕೆಂಪು ಪಟ್ಟಿ ಎಲ್ಲ ಪರೀಕ್ಷೆಯಾಗಬೇಕು. 2018ರ ತಿದ್ದುಪಡಿಯಂತೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಸವಕಲ್ಯಾಣದ ಸಾರಿಗೆ ಕಚೇರಿಯ ಕೆಎ 56 ನಂಬರ್ ಇರಲಿ, ಬೀದರಿನ ಕೆಎ 38 ಇರಲಿ, ಮೊಬೈಲಿನ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್.ಸಿ., ವಿಮೆ ಯಾವ ತಾರೀಖಿನ ತನಕ ಇದೆ ಎಂದು ಕಾಣುತ್ತದೆ. ನಮಗೆ ಬರದಿದ್ದರೆ ಶಾಲೆಗೆ ಹೋಗುವ ಮಗಳು ನೋಡಿ ಹೇಳುತ್ತಾಳೆ.

ಆದರೆ ಒಂದು ಮಾತು ಗಮನಿಸಿ. ಕೃಷಿಗೆಂದು ನೋಂದಾಯಿಸಿದ ಟ್ರ್ಯಾಕ್ಟರ್ ಬಾಡಿಗೆ ಗಾಡಿಯ ಲೆಕ್ಕಕ್ಕೆ ಬರುವುದಿಲ್ಲ. ಅದರ ನೋಂದಣಿ ಹದಿನೈದು ವರ್ಷಕ್ಕೆ ಇರುತ್ತದೆ, ನಡುವೆ ಆಟೋದ ಹಾಗೆ ಎಫ್.ಸಿ.ಗೆ ಹೋಗುವುದಿಲ್ಲ. ದಿಕ್ಕಿನ ಟೈರ್ ಇರುವ ಗಾಡಿಯನ್ನೇ ಅಧಿಕಾರಿ ವರ್ಷಗಟ್ಟಲೆ ನೋಡುವುದಿಲ್ಲ ಅಂದಮೇಲೆ ನೋಡುವವರು ಮಾಲೀಕರು ಮತ್ತು ನಾವು, ಅಷ್ಟೇ.

ವಿಮೆಯ ವಿಷಯವೂ ಇದೆ. ಸರಕಿನ ಗಾಡಿಯಲ್ಲಿ ಪುಕ್ಕಟೆ ಕೂತು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆಗ ಪರಿಹಾರ ಕೊಡಬೇಕಾದವನು ಗಾಡಿಯ ಮಾಲೀಕ. ಅವನ ಹತ್ತಿರ ಇಲ್ಲದಿದ್ದರೆ ಕೈಯಲ್ಲಿ ತೀರ್ಪಿನ ಕಾಗದ ಮಾತ್ರ ಉಳಿಯುತ್ತದೆ.

ಸಂಘದ ಸಾಲದಲ್ಲಿ ಹಳೆಯ ಆಟೋ ಅಥವಾ ಟ್ರ್ಯಾಕ್ಟರ್ ಕೊಳ್ಳುವ ಸದಸ್ಯೆಯರು ಇದ್ದಾರೆ. ಎರಡು ಟೈರ್ ಬದಲಿಸಬೇಕಾದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಬೇಕು. ಸಾಲ ಮಂಜೂರು ಮಾಡುವ ಮುಂಚೆ ಇಬ್ಬರು ಸದಸ್ಯೆಯರು ಹೋಗಿ ಗಾಲಿ, ಎಫ್.ಸಿ., ವಿಮೆ ನೋಡಿ ಬಂದು ನಡಾವಳಿ ಪುಸ್ತಕದಲ್ಲಿ ಬರೆಯಲಿ. ಮುಂದಿನ ಸಭೆಯ ದಿನ ನಿಮ್ಮ ಓಣಿಯಲ್ಲಿ ನಿಂತ ಒಂದು ಟ್ರ್ಯಾಕ್ಟರಿನ ಹಿಂದೆ ಎಲ್ಲರೂ ಒಟ್ಟಿಗೆ ಹೋಗಿ ನಿಂತು, ಹಲ್ಲಿನ ತುದಿ ಮೇಲಿದೆಯೋ ಕೆಳಗಿದೆಯೋ ನೋಡಿ ಬನ್ನಿ.