ಬೋರ್‌ವೆಲ್ ನೀರಿನ ಲೆಕ್ಕದಲ್ಲಿ ನಾನು ಎಡವಿದ್ದು

ಸಮಷ್ಟಿ ಸರಾಸರಿಯ ಪ್ರಾಕ್ಕಲ್ಪನಾ ಪರೀಕ್ಷೆ ಕಲಿಸುವಾಗ ಸಾಮಾನ್ಯವಾಗಿ ಬಲ್ಬಿನ ಬಾಳಿಕೆಯ ಲೆಕ್ಕ ಹಾಕುತ್ತೇವೆ. ರಾಯಚೂರಿನ ನಮ್ಮ ಕಾಲೇಜಿನಲ್ಲಿ ಸಹಪಾಠಿಗಳ ಮುಂದೆ ಮಾಡಿದ ಅಭ್ಯಾಸ ಪಾಠಕ್ಕೆ ನಾನು ಬೋರ್‌ವೆಲ್ ನೀರಿನ ಫ್ಲೋರೈಡ್ ಆರಿಸಿಕೊಂಡೆ. ದೇವದುರ್ಗ, ಮಾನ್ವಿ ಕಡೆಯಿಂದ ಬಂದವರಿಗೆ ಇದು ಹೊಸ ಮಾತಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ.

ಕಪ್ಪುಹಲಗೆಯ ಮೇಲೆ ಮೊದಲು ಪ್ರಶ್ನೆ ಬರೆದೆ: ಸರಾಸರಿ ಫ್ಲೋರೈಡ್ 1.5 ಮೀರಿದೆಯೇ? ಅಂಕಿಗಳು ಪಾಠಕ್ಕೆಂದು ನಾನೇ ಹೆಣೆದವು: 16 ಬೋರ್‌ವೆಲ್, ಸರಾಸರಿ 1.7, ಮಾನಕ ವಿಚಲನೆ 0.4. ಮಾನಕ ದೋಷ 0.4 ÷ 4 = 0.1. ಟಿ ಬೆಲೆ (1.7 − 1.5) ÷ 0.1 = 2.0. ಸ್ವಾತಂತ್ರ್ಯಾಂಕ 15ಕ್ಕೆ, ಶೇ. 5ರ ಮಟ್ಟದಲ್ಲಿ ಕೋಷ್ಟಕದ ಬೆಲೆ 2.131. ಶೇ. 95ರ ವಿಶ್ವಾಸಾಂತರ 1.49ರಿಂದ 1.91. 1.5 ಅದರೊಳಗೇ ಇದೆ. "ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸುತ್ತೇವೆ" ಎಂದು ಬರೆದು ತಿರುಗಿದೆ.

"ಹಂಗಾದ್ರ ಈ ನೀರು ಕುಡೀಬೌದೇನ್ರಿ ಸರ್?" ದೇವದುರ್ಗದ ಗೆಳೆಯ ಕೇಳಿದ. ನನ್ನ ಬಾಯಿ ಕಟ್ಟಿತು. ಸರಾಸರಿ 1.7 ಬಂದ ನೀರನ್ನು ಕುಡಿಯಿರಿ ಎನ್ನುವುದು ಹೇಗೆ?

ಪಾಠ ವೀಕ್ಷಿಸುತ್ತಿದ್ದ ಮೇಡಂ ಆಮೇಲೆ ಎರಡು ತಪ್ಪು ತೋರಿಸಿದರು. "ಸ್ವೀಕರಿಸುತ್ತೇವೆ" ಅಲ್ಲ, "ತಿರಸ್ಕರಿಸಲು ಸಾಕಷ್ಟು ಆಧಾರವಿಲ್ಲ" ಎನ್ನಬೇಕಿತ್ತು. ದೊಡ್ಡ ತಪ್ಪು ಇನ್ನೊಂದು. ಪ್ರಶ್ನೆ "ಮೀರಿದೆಯೇ" ಎಂದಿತ್ತು, ನಾನು ಮಾಡಿದ್ದು ಎರಡು ಬದಿಯ ಪರೀಕ್ಷೆ. ಒಂದು ಬದಿಯ ಪರೀಕ್ಷೆಗೆ ಕೋಷ್ಟಕದ ಬೆಲೆ 1.753. ನಮ್ಮ 2.0 ಅದನ್ನು ದಾಟುತ್ತದೆ, ಶೂನ್ಯ ಪ್ರಾಕ್ಕಲ್ಪನೆ ಬೀಳುತ್ತದೆ. ಅದೇ ನೀರು, ಅದೇ ಅಂಕಿ, ತೀರ್ಮಾನ ಉಲ್ಟಾ! ಹಾಗೆಂದು ಉತ್ತರ ನೋಡಿದ ಮೇಲೆ ಬದಿ ಬದಲಿಸುವಂತಿಲ್ಲ. ಪ್ರಶ್ನೆ ಮೊದಲೇ ಹಲಗೆಯ ಮೇಲಿದ್ದದ್ದರಿಂದ ನಾನು ಬಚಾವಾದೆ.

ಮಾನ್ವಿಯ ಗೆಳತಿಗೆ ಬೇರೆ ಅನುಮಾನ: "ಶೇ. 95ರಷ್ಟು ಬೋರ್‌ವೆಲ್‌ಗಳು 1.49ರಿಂದ 1.91ರ ಒಳಗೇ ಇರ್ತಾವಂತಾ?" ಇಲ್ಲ. ಆ ಅಂತರ ಸರಾಸರಿಗೆ ಸಂಬಂಧಿಸಿದ್ದು. ಹೀಗೆಯೇ ಮತ್ತೆ ಮತ್ತೆ ಮಾದರಿ ತೆಗೆದರೆ, ಸಿಗುವ ಅಂತರಗಳಲ್ಲಿ ಸುಮಾರು ಶೇ. 95 ನಿಜವಾದ ಸರಾಸರಿಯನ್ನು ಒಳಗೊಳ್ಳುತ್ತವೆ, ಅಷ್ಟೇ. ವಿಚಲನೆ 0.4 ಇರುವಾಗ ಒಂದು ಬೋರ್‌ವೆಲ್‌ನಲ್ಲಿ 1.0, ಪಕ್ಕದ್ದರಲ್ಲಿ 2.3 ಬಂದರೂ ಅಚ್ಚರಿಯಿಲ್ಲ. ಅವಳ ಓಣಿಯ ನೀರಿನ ಬಗ್ಗೆ ನನ್ನ ಲೆಕ್ಕ ಏನೂ ಹೇಳುವುದಿಲ್ಲ. ಆ ಬೋರ್‌ವೆಲ್‌ನ ನೀರನ್ನೇ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಡಬೇಕು.